ಮೊಲದ ಕೋಡು ಕಂಡು ಬಂದೆವು

ಇಲ್ಲದ ವಸ್ತುವಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಉದಾಹರಣೆ ಮೊಲದ ಕೋಡು. ಮೊಲಕ್ಕೆ ಕೋಡಿಲ್ಲ, ಹುಡುಕಿ ಫಲವಿಲ್ಲ ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಬೀದರ್ ಜಿಲ್ಲೆಯ ಗಡಿ ದಾಟಿ ತೆಲುಗು ಸೀಮೆಗೆ ಹೋದರೆ ಅಲ್ಲಿ 'ಕುಂದೇಟಿ ಕೊಮ್ಮುಲು', ಅಂದರೆ ಮೊಲದ ಕೋಡುಗಳು, ಎಂಬ ಹೆಸರಿನ ಗಿಡವಿದೆ. ಇತ್ತ ಮರಾಠಿಯವರು ಅದೇ ಬಳಗದ ಗಿಡವನ್ನು 'ಮಾಕಡ ಶಿಂಗ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ಮಂಗನ ಕೋಡು. ಮೊಲಕ್ಕೂ ಕೋಡಿಲ್ಲ, ಮಂಗಕ್ಕೂ ಇಲ್ಲ. ಆದರೂ ಮೂರು ಭಾಷೆಯವರು ಕೂಡಿ ಈ ಗಿಡಕ್ಕೆ ಕೋಡು ಕೊಟ್ಟಿದ್ದಾರೆ. ಕಳೆದ ಮಳೆಗಾಲದ ಕೊನೆಗೆ ನಾವು ಬಸವಕಲ್ಯಾಣ ಮತ್ತು ಹುಮನಾಬಾದ್ ಕಡೆಗೆ ಹೋಗಿ ಆ ಕೋಡನ್ನು ಕಣ್ಣಾರೆ ಕಂಡು ಬಂದೆವು. ಅದರ ಸಮಾಚಾರವನ್ನು ಬೆಳೆಗಾರ ಬಾಂಧವರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಾಫಿ, ಅಡಿಕೆ, ಮೆಣಸು ಬೆಳೆಯುವ ನಮಗೆ ಬಯಲುಸೀಮೆಯ ಕಲ್ಲುನೆಲದ ಒಂದು ಕಾಡುಗಿಡದಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. ಹೊರಡುವಾಗ ನಮಗೂ ಅದೇ ಪ್ರಶ್ನೆ ಇತ್ತು. ಬಂದ ಮೇಲೆ ಇಲ್ಲ. ಲೇಖನದ ಕೊನೆಗೆ ಬರುವಷ್ಟರಲ್ಲಿ ಓದುಗರಿಗೂ ಉತ್ತರ ಸಿಕ್ಕೀತೆಂದು ನಂಬಿದ್ದೇವೆ.

ಹೋದದ್ದು ಬೇರೆ ಕೆಲಸಕ್ಕೆ

ನಮ್ಮ ಸಂಘದ ಸದಸ್ಯರಲ್ಲಿ ಹಲವರಿಗೆ ಕಲ್ಯಾಣ ನೋಡಬೇಕೆಂಬ ಆಸೆ ಬಹುದಿನದ್ದು. ಅಡಿಕೆ ಕೊಯ್ಲು ಆರಂಭವಾಗುವ ಮೊದಲು, ಔಷಧಿ ಸಿಂಪಡಣೆ ಮುಗಿದ ಬಿಡುವಿನಲ್ಲಿ, ಒಂದು ಬಸ್ಸು ಮಾಡಿಕೊಂಡು ಹೊರಟೆವು. ಕಲಬುರಗಿ ದಾಟಿದ ಮೇಲೆ ಎರಡೂ ಕಡೆ ತೊಗರಿ ಮತ್ತು ಸೋಯಾ ಅವರೆಯ ಹೊಲಗಳು. ಉದ್ದು, ಹೆಸರು ಕಿತ್ತು ರಸ್ತೆಯ ಮೇಲೆಯೇ ಒಕ್ಕಣೆ ಮಾಡುತ್ತಿದ್ದರು. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ದರ್ಶನ ಮಾಡಿ, ಜಲಸಂಗಿಯ ಚಾಲುಕ್ಯರ ಕಾಲದ ದೇವಾಲಯದಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನೋಡಿಕೊಂಡು, ಸಂಜೆಗೆ ಬಸವಕಲ್ಯಾಣ ಸೇರಿದೆವು.

ಕಲ್ಯಾಣದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಕೋಟೆ, ತ್ರಿಪುರಾಂತಕ ಕೆರೆ, ಶರಣರ ಗವಿಗಳು. ಅನುಭವ ಮಂಟಪದ ಹೊಸ ಕಟ್ಟಡಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಗವಿಗಳನ್ನು ತೋರಿಸುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ನುಲಿಯ ಚಂದಯ್ಯನ ಕಥೆ ಹೇಳಿದರು. ನೀರಿನ ದಂಡೆಯಲ್ಲಿ ತಾನಾಗಿ ಬೆಳೆದ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದ ಶರಣ ಆತ. ಮಾಸ್ತರರು ಕಥೆ ಮುಗಿಸಿ, "ಆ ಹುಲ್ಲು ಯಾರೂ ಬಿತ್ತಿದ್ದಲ್ಲರಿ. ಬೀಳುಭೂಮಿ ಅಂತ ಅನ್ನೋದು ನಮ್ಮ ಬಾಯಿ ಮಾತು. ನಾಳೆ ನಿಮಗ ಒಂದು ಬೀಳು ತೋರಸ್ತೀನಿ ಬರ್ರಿ" ಎಂದರು.

ಮರುದಿನ ಬೆಳಿಗ್ಗೆ ನಮ್ಮಲ್ಲಿ ಎಂಟು ಮಂದಿ ಅವರ ಹಿಂದೆ ಹೊರಟೆವು. ಹುಮನಾಬಾದ್ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿಯಷ್ಟು ಗಾಯರಾಣದಲ್ಲಿ ನಡೆದೆವು. ನಮ್ಮಲ್ಲಿ ಗೋಮಾಳ ಎನ್ನುವುದನ್ನು ಅಲ್ಲಿ ಗಾಯರಾಣ ಎನ್ನುತ್ತಾರೆ. ಊರಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಅದೇ ಕಲ್ಲು, ಅದೇ ಬಣ್ಣ

ನಮಗೆ ಮೊದಲು ಕಣ್ಣಿಗೆ ಬಿದ್ದದ್ದು ಗಿಡವಲ್ಲ, ಕಲ್ಲು. ಬೀದರ್ ಎಂದರೆ ಕಪ್ಪು ಎರೆಮಣ್ಣೇ ಎಂದು ತಿಳಿದಿದ್ದವರಿಗೆ ಕಾಲಕೆಳಗೆ ನಮ್ಮ ಊರಿನದೇ ಕೆಂಪು ಮುರಕಲ್ಲು ಕಂಡು ಆಶ್ಚರ್ಯವಾಯಿತು. ವಿಷಯ ಹೀಗಿದೆ. ದಖ್ಖನಿನ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಬೀದರ್, ಹುಮನಾಬಾದ್ ಸುತ್ತಿನ ಎತ್ತರದ ನೆಲದಲ್ಲಿ ಆ ಕರಿಗಲ್ಲೇ ಯುಗಾಂತರಗಳ ಮಳೆ ಬಿಸಿಲಿಗೆ ಸವೆದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣದ ಅಂಶ ಉಳಿದು, ಮೇಲೆ ಕೆಂಪು ಟೊಪ್ಪಿಗೆ ಇಟ್ಟಂತೆ ಮುರಕಲ್ಲಾಗಿದೆ. ತಗ್ಗಿನಲ್ಲಿ ಎರೆ, ದಿಬ್ಬದ ಮೇಲೆ ಕೆಂಪು. ಬೀದರಿನ ಕೋಟೆಯನ್ನು ಕಟ್ಟಿದ್ದು ಈ ಕಲ್ಲಿನಿಂದ. ಅದರ ಮೂರು ಸಾಲಿನ ಕಂದಕವನ್ನು ಕಡಿದದ್ದೂ ಈ ಕಲ್ಲಿನಲ್ಲೇ.

ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಬಂದದ್ದು ನಮ್ಮ ಕಡೆಯಿಂದಲೇ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿದ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಕಟ್ಟಿದ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಕರಾವಳಿಯ ನಮ್ಮ ಪದವುಗಳಿಗೂ ಹುಮನಾಬಾದಿನ ದಿಬ್ಬಗಳಿಗೂ ಮಧ್ಯೆ ನೂರಾರು ಮೈಲಿ. ಆದರೂ ಕಲ್ಲು ಒಂದೇ ಜಾತಿಯದು. ಮಳೆ ಮಾತ್ರ ಬೇರೆ. ನಮ್ಮಲ್ಲಿ ಮೂರು ನಾಲ್ಕು ಸಾವಿರ ಮಿಲಿಮೀಟರ್ ಸುರಿದರೆ, ಅಲ್ಲಿ ಬೀಳುವುದು ಎಂಟು ಒಂಬತ್ತು ನೂರು. ಅದೂ ಪ್ರತಿ ವರ್ಷ ನಂಬುವಂತಿಲ್ಲ.

ಗಿಡದ ಪರಿಚಯ

ನಾವು ಕುರುಚಲು ಮುಳ್ಳಿನ ಪೊದೆಗಳ ಬುಡದಲ್ಲಿ ಬಗ್ಗಿ ಬಗ್ಗಿ ನೋಡುತ್ತಿರುವಾಗ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕರು ಹತ್ತಿರ ಬಂದರು. "ಏನ್ ಹುಡುಕ್ಲತ್ತೀರಿ ಅಣ್ಣೋರೆ? ಅಲ್ಲಿ ಏನೂ ಇಲ್ಲ, ಬರೀ ಕಲ್ಲದ" ಎಂದರು.

"ಕಾಕಾ, ಇವರಿಗೆ ಮಂಗನ ಕೋಡು ತೋರಸ್ಬೇಕಾಗ್ಯದ" ಎಂದರು ಮಾಸ್ತರರು.

"ಅದಾ? ಮೊದಲ ಎಲ್ಲಾ ಕಡಿ ಇತ್ತು. ಈಗ ಹಿಂಗ ಬರ್ರಿ" ಎಂದು ಮುದುಕರು ಮುಂದೆ ನಡೆದರು. ನೂರು ಹೆಜ್ಜೆ ಹೋಗಿ ಒಂದು ಕಾರೆ ಪೊದೆಯ ಕೊಂಬೆಯನ್ನು ಕೋಲಿನಿಂದ ಎತ್ತಿ ಹಿಡಿದರು. ಒಳಗೆ ನೆರಳಿನಲ್ಲಿ ಹತ್ತು ಹನ್ನೆರಡು ಕಡ್ಡಿಗಳು ನೆಟ್ಟಗೆ ನಿಂತಿದ್ದವು.

ಗಿಡದ ಲಕ್ಷಣ ಹೀಗೆ. ಬೆರಳು ಗಾತ್ರದ, ರಸ ತುಂಬಿದ ಬೂದುಹಸಿರು ಕಾಂಡ. ಒಂದು ಗೇಣಿನಿಂದ ಒಂದು ಮೊಳದವರೆಗೆ ಎತ್ತರ. ಕಾಂಡಕ್ಕೆ ನಾಲ್ಕು ಏಣು. ಎಲೆ ಇಲ್ಲವೆಂದೇ ಹೇಳಬೇಕು. ಚಿಗುರಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಎಲೆ ಹುಟ್ಟಿ ಬೇಗನೆ ಉದುರಿ, ಏಣಿನ ಮೇಲೆ ಗುರುತು ಮಾತ್ರ ಉಳಿಯುತ್ತದೆ. ತುದಿ ಸಪೂರವಾಗುತ್ತ ಹೋಗಿ, ಅಲ್ಲಿ ಬೆರಳುಗುರಿನಷ್ಟು ದೊಡ್ಡ ಐದೆಸಳಿನ ಹೂಗಳು ಬಾಗಿ ನೇತಾಡುತ್ತವೆ. ಬಣ್ಣ ನೇರಳೆ ಬೆರೆತ ಕಂದು, ನಡುವೆ ಮಾಸಲು ಹಳದಿ ಪಟ್ಟಿ. ಎಸಳಂಚಿಗೆ ನವಿರು ಕೂದಲಿನ ಜಾಲರಿ. ಗಾಳಿ ಸುಳಿದರೆ ಆ ಕೂದಲು ಅಲುಗುತ್ತದೆ. ದೂರದಿಂದ ನೋಡಿದರೆ ಹೂವೆಂದೇ ತಿಳಿಯದು. ಮಂಡಿಯೂರಿ ನೋಡಿದ ಮೇಲೆ ನಮ್ಮಲ್ಲಿ ಯಾರೂ ಬೇಗ ಏಳಲಿಲ್ಲ.

ಸಸ್ಯಶಾಸ್ತ್ರದಲ್ಲಿ ಇದು ಕ್ಯಾರಲ್ಲುಮ ಅಡ್ಸೆಂಡೆನ್ಸ್. ಜಾಲರಿ ಇರುವ ತಳಿಗೆ ಫಿಂಬ್ರಿಯೇಟ ಎಂದು ಹೆಚ್ಚಿನ ಹೆಸರು. ತೆಲುಗು ನಾಡಿನ ಸಾಮರ್ಲಕೋಟೆಯಲ್ಲಿ ಕೆಲಸ ಮಾಡಿದ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ಕೋರಮಂಡಲ ತೀರದ ಸಸ್ಯಗಳ ತನ್ನ ಗ್ರಂಥದಲ್ಲಿ ಇದನ್ನು ಚಿತ್ರಸಹಿತ ವರ್ಣಿಸಿ, ಅಲ್ಲಿಯ ಜನ ಇದಕ್ಕೆ 'ಕಾರಲ್ಲಂ' ಎನ್ನುವರೆಂದು ಬರೆದ. 1810ರಲ್ಲಿ ರಾಬರ್ಟ್ ಬ್ರೌನ್ ಈ ಬಳಗಕ್ಕೆ ಅದೇ ತೆಲುಗು ಹೆಸರನ್ನು ಇಟ್ಟ. ದನಗಾಹಿಗಳ ಬಾಯಿಯ ಮಾತೊಂದು ಲೋಕದ ಸಸ್ಯಶಾಸ್ತ್ರಕ್ಕೆ ಸೇರಿದ್ದು ಹೀಗೆ.

ಕುಲದಲ್ಲಿ ಇದು ನಮ್ಮೆಲ್ಲರಿಗೂ ಗೊತ್ತಿರುವ ಎಕ್ಕದ ನೆಂಟ. ಕಾಯಿ ನೋಡಿದರೆ ಸಂಶಯವೇ ಉಳಿಯುವುದಿಲ್ಲ. ಎರಡೆರಡಾಗಿ, ಸಪೂರವಾಗಿ, ಜೋಡಿ ಕೋಡಿನಂತೆ ನಿಲ್ಲುತ್ತದೆ. ಒಣಗಿ ಬಿರಿದರೆ ಎಕ್ಕದ ಬೀಜದಂತೆಯೇ ರೇಷ್ಮೆಯ ಜುಟ್ಟು ಕಟ್ಟಿದ ಬೀಜಗಳು ಗಾಳಿಯಲ್ಲಿ ತೇಲಿ ಹೋಗುತ್ತವೆ.

ಬದುಕುವ ಉಪಾಯ

ಎಲೆಯಿಲ್ಲದ ಗಿಡ, ಮಣ್ಣಿಲ್ಲದ ಕಲ್ಲು, ಎಂಟು ತಿಂಗಳ ಬಿಸಿಲು. ಇದು ಬದುಕುವುದು ಹೇಗೆ?

ನಮ್ಮ ಅಡಿಕೆ, ಕಾಫಿ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿ ತೆಗೆದುಕೊಳ್ಳುತ್ತವೆ. ಹಾಗೆ ತೆರೆದಾಗಲೆಲ್ಲ ನೀರು ಆವಿಯಾಗಿ ಹೋಗುತ್ತದೆ. ಮಂಗನ ಕೋಡು ಹಗಲು ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಎಳೆದುಕೊಂಡ ಗಾಳಿಯ ಇಂಗಾಲವನ್ನು ಹುಳಿಯ ರೂಪದಲ್ಲಿ ಕಾಂಡದೊಳಗೆ ಕೂಡಿಟ್ಟು, ಹಗಲು ಬೆಳಕು ಬಂದಾಗ ಬಾಗಿಲು ತೆರೆಯದೆಯೇ ಆಹಾರ ತಯಾರಿಸಿಕೊಳ್ಳುತ್ತದೆ. ಇಂಥ ಗಿಡಗಳ ರಸ ಬೆಳಿಗ್ಗೆ ಹುಳಿಯಾಗಿಯೂ ಸಂಜೆಗೆ ಸಪ್ಪೆಯಾಗಿಯೂ ಇರುವುದು ಇದರಿಂದಲೇ. ಈ ಉಪಾಯ ನಮ್ಮ ತೋಟಗಳಿಗೆ ಹೊಸದಲ್ಲ. ಅನಾನಸು ಹೀಗೆಯೇ ಬದುಕುತ್ತದೆ. ವೆನಿಲ್ಲಾ ಬಳ್ಳಿಯೂ ಹೀಗೆಯೇ.

ಪರಾಗಸ್ಪರ್ಶದ ರೀತಿಯೂ ವಿಶೇಷ. ಈ ಬಳಗದ ಹೂಗಳು ಜೇನನ್ನು ಕರೆಯುವುದಿಲ್ಲ, ನೊಣವನ್ನು ಕರೆಯುತ್ತವೆ. ಬಣ್ಣ ಮಾಂಸದ್ದು, ವಾಸನೆಯೂ ಅಂಥದೇ. ಪರಾಗ ಪುಡಿಯಾಗಿರದೆ ಗಂಟು ಕಟ್ಟಿಕೊಂಡು, ಒಂದು ಸಣ್ಣ ಚಿಮಟಿಗೆಗೆ ತಗುಲಿರುತ್ತದೆ. ಮೋಸಹೋಗಿ ಬಂದ ನೊಣದ ಕಾಲೋ ಮೂತಿಯೋ ಆ ಚಿಮಟಿಗೆಗೆ ಸಿಕ್ಕಿ, ಗಂಟು ಅದರೊಡನೆ ಹಾರಿ ಹೋಗಿ ಮುಂದಿನ ಹೂವನ್ನು ಸೇರಬೇಕು. ಹೀಗೆ ಪರಾಗವನ್ನು ಗಂಟು ಕಟ್ಟುವ ವಿದ್ಯೆ ಇರುವುದು ಎರಡೇ ಕುಲಕ್ಕೆ. ಒಂದು ಎಕ್ಕದ ಕುಲ; ಇನ್ನೊಂದು ನಮ್ಮ ಕಾಫಿ ತೋಟದ ನೆರಳುಮರಗಳ ಮೇಲೆ ಅರಳುವ ಸೀತಾಳೆ ದಂಡೆಯ ಕುಲ. ಗಿಡಗಳು ಗುಂಪಾಗಿ ಹತ್ತಿರ ಹತ್ತಿರ ಇದ್ದರೆ ನೊಣದ ಕೆಲಸ ಸುಲಭ. ಒಂದು ಪೊದೆ ಇಲ್ಲಿ, ಇನ್ನೊಂದು ಎರಡು ಮೈಲಿ ಆಚೆ ಎಂದಾದರೆ ಹೂ ಅರಳಿದರೂ ಕಾಯಿ ಕಟ್ಟುವುದು ಕಷ್ಟ.

ಮುಳ್ಳುಪೊದೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಕುರಿಯ ಬಾಯಿ ತಲುಪದ, ಸುಡುಬಿಸಿಲು ತಾಗದ, ಒಂದಿಷ್ಟು ಎಲೆಗೊಬ್ಬರ ಸೇರಿದ ಪೊದೆಯ ಬುಡವೇ ಇದಕ್ಕೆ ತೊಟ್ಟಿಲು. ಕಾಫಿ ಸಸಿಗೆ ನೆರಳು ಬೇಕಾದಂತೆ ಇದಕ್ಕೆ ಮುಳ್ಳು ಬೇಕು.

ಹಸಿವನ್ನು ತಡೆಯುವ ಕಡ್ಡಿ

ಮುದುಕರು ಒಂದು ಎಳೆಯ ಕಡ್ಡಿಯ ತುದಿ ಮುರಿದು ಅಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡರು. ನಮಗೂ ಒಂದೊಂದು ತುಣುಕು ಕೊಟ್ಟರು. ಸ್ವಲ್ಪ ಕಹಿ, ಸ್ವಲ್ಪ ಹುಳಿ, ಬಾಯಿ ತುಂಬ ನೀರು.

"ಎಪ್ಪತ್ತೆರಡರ ಬರದಾಗ ನಾ ಸಣ್ಣಾಂವ. ನಮ್ಮವ್ವ ಉಪ್ಪು ಹಚ್ಚಿ ಕೊಡ್ತಿದ್ಳು. ಇದು ತಿಂದ್ರ ಸಂಜೀ ತನಾ ಹೊಟ್ಟಿ ಕೇಳಂಗಿಲ್ಲರಿ. ರೊಟ್ಟಿ ಇಲ್ಲದ ದಿನ ಇದೇ ರೊಟ್ಟಿ" ಎಂದರು.

1972ರ ಬರ ದಖ್ಖನಿನ ಹಳ್ಳಿಗಳಲ್ಲಿ ಇಂದಿಗೂ ಕಾಲ ಎಣಿಸುವ ಗುರುತು. ಆ ದಿನಗಳಲ್ಲಿ ಜನ ಕಾಡು ಸೊಪ್ಪು, ಗೆಡ್ಡೆಗಳ ಜೊತೆ ಇದನ್ನೂ ತಿಂದು ದಿನ ದೂಡಿದರು. ಬಡವರು ಹಸಿವನ್ನು ಮರೆಯಲು ತಿಂದದ್ದೇ ಮುಂದೆ ಉಳ್ಳವರು ಮೈ ಇಳಿಸಲು ನುಂಗುವ ಗುಳಿಗೆಯಾಯಿತು. ಬೆಂಗಳೂರಿನ ಸಂಶೋಧಕರು ಐವತ್ತು ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದು ಗ್ರಾಂ ಈ ಗಿಡದ ಸಾರವನ್ನು 60 ದಿನ ಕೊಟ್ಟು ನೋಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸಾರ ತೆಗೆದುಕೊಂಡವರಲ್ಲಿ ಸೊಂಟದ ಸುತ್ತಳತೆಯೂ ಹಸಿವೂ ಇನ್ನೊಂದು ಗುಂಪಿನವರಿಗಿಂತ ಕಡಿಮೆಯಾಗಿದ್ದವು. ತೂಕದಲ್ಲಿ ಮಾತ್ರ ನಂಬಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ. ಆದರೆ ಪೇಟೆಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಗುಳಿಗೆಗಳು ವಿದೇಶದ ಅಂಗಡಿಗಳಿಗೂ ಹೋದವು.

ಪೇಟೆಯ ಈ ಹುಚ್ಚು ನಮಗೆ ಹೊಸದಲ್ಲ. 2003-04ರ ಸುಮಾರಿಗೆ ವೆನಿಲ್ಲಾಕ್ಕೆ ಬಂದ ಬೆಲೆಯನ್ನೂ, ಆಮೇಲೆ ಅದು ನೆಲಕಚ್ಚಿದ್ದನ್ನೂ ನಮ್ಮಲ್ಲಿ ಯಾರೂ ಮರೆತಿಲ್ಲ. ಒಂದು ವ್ಯತ್ಯಾಸ ಗಮನಿಸಬೇಕು. ವೆನಿಲ್ಲಾವನ್ನು ನಾವು ನೆಟ್ಟು ಬೆಳೆದೆವು. ಬೆಲೆ ಬಿದ್ದಾಗ ಹೋದದ್ದು ನಮ್ಮ ಗಂಟು. ಕಾಡುಗಿಡಕ್ಕೆ ಬೆಲೆ ಬಂದರೆ ಬೇರುಸಹಿತ ಕಿತ್ತು ಮೂಟೆ ಕಟ್ಟುತ್ತಾರೆ. ಹೋಗುವುದು ಗಿಡದ ವಂಶ. ಊರಿನ ಹೆಸರನ್ನು ನಾವು ಬರೆಯದಿರುವುದು ಇದಕ್ಕಾಗಿ.

ಕೋಡು ಕಡಿಮೆಯಾದದ್ದು ಹೇಗೆ

ಆದರೂ ಕೀಳುವವರಿಗಿಂತ ದೊಡ್ಡ ಶತ್ರು ಬೇರೆ ಇದೆ. ಈ ಗಿಡದ ಜಾತಿ ಒಣನಾಡಿನ ಹಲವು ಕಡೆ ಹಬ್ಬಿರುವುದರಿಂದ ಒಟ್ಟಿನಲ್ಲಿ ಅಳಿದೇಹೋಯಿತೆಂದು ಹೇಳುವಂತಿಲ್ಲ. ಅಳಿಯುತ್ತಿರುವುದು ಅದರ ನೆಲೆ. ದಿಬ್ಬಗಳ ಹೆಸರನ್ನು ಹೇಳಿ ಹೇಳಿ ಮುದುಕರು ಬೆರಳು ಮಡಚಿದರು. ಒಂದರಲ್ಲಿ ಈಗ ಕಲ್ಲಿನ ಗಣಿ. ಯಂತ್ರದ ಗರಗಸದಿಂದ ಮುರಕಲ್ಲನ್ನು ಆಳುದ್ದಕ್ಕೆ ಕೊಯ್ದು ತೆಗೆದಿದ್ದಾರೆ. ಒಂದನ್ನು ರಸ್ತೆಯ ಮಣ್ಣಿಗಾಗಿ ಅಗೆದು ಹೊಂಡ ಮಾಡಿದ್ದಾರೆ. ಒಂದನ್ನು ಬುಲ್ಡೋಜರಿನಿಂದ ತಟ್ಟು ಮಾಡಿ, ಕೆಳಗಿನಿಂದ ಎರೆಮಣ್ಣು ಹೊಡೆಸಿ, ಸೋಯಾ ಬಿತ್ತಿದ್ದಾರೆ. ಇನ್ನೊಂದರಲ್ಲಿ ಬೀಳುಭೂಮಿಯನ್ನು ಹಸಿರು ಮಾಡುವ ಉತ್ಸಾಹದಲ್ಲಿ ಪೊದೆಗಳನ್ನೆಲ್ಲ ಕಡಿದು ಸಾಲುಗುಂಡಿ ತೋಡಿ ಸಸಿ ನೆಟ್ಟಿದ್ದಾರೆ. ಸಸಿ ಒಣಗಿತು, ಪೊದೆಯೂ ಹೋಯಿತು.

ನೆಟ್ಟವರು ಕೆಟ್ಟವರಲ್ಲ. ಬಿತ್ತಿದವರೂ ಅಲ್ಲ. ಹಿಡಿಯಷ್ಟು ನೆಲ ಇರುವವನಿಗೆ ಇನ್ನೊಂದು ಎಕರೆ ಸಿಕ್ಕರೆ ಅದು ಅನ್ನ. ಇದನ್ನು ನಾವು ಬಲ್ಲೆವು. ತಪ್ಪಿರುವುದು ಲೆಕ್ಕದಲ್ಲಿ. ಕಂದಾಯದ ಪುಸ್ತಕದಲ್ಲಿ ಬೆಳೆ ಇಲ್ಲದ ನೆಲಕ್ಕೆ ಬಂಜರು ಎಂದು ಒಂದೇ ಕಾಲಂ. ಆ ಕಾಲಮ್ಮಿನಲ್ಲಿ ಕುರಿಯ ಮೇವಿಲ್ಲ, ಬರಗಾಲದ ಊಟವಿಲ್ಲ, ಕೆಳಗಿನ ಬಾವಿಗೆ ಇಳಿಯುವ ನೀರಿಲ್ಲ, ಹೂವಂತೂ ಇಲ್ಲವೇ ಇಲ್ಲ.

ಮೇಯುವುದರಿಂದ ಕೇಡಿಲ್ಲವೇ ಎಂದು ನಾವು ಕೇಳಿದೆವು. ಮಾಸ್ತರರು ನಕ್ಕು, ಕುರಿ ನೂರಾರು ವರ್ಷದಿಂದ ಮೇಯುತ್ತಿದೆ, ಗಿಡವೂ ನೂರಾರು ವರ್ಷದಿಂದ ಪೊದೆಯೊಳಗೆ ಅಡಗಿ ಕುಳಿತಿದೆ, ಇಬ್ಬರಿಗೂ ಒಪ್ಪಂದವಾಗಿದೆ, ಒಪ್ಪಂದ ಮುರಿದದ್ದು ಪೊದೆ ಕಡಿದವರು ಎಂದರು.

ಸಹ್ಯಾದ್ರಿಯ ನೆಂಟ

ಈ ಗಿಡಕ್ಕೆ ಬಹಳ ಅಪರೂಪದ ನೆಂಟನೊಬ್ಬನಿದ್ದಾನೆ. ಮರಾಠಿಯಲ್ಲಿ ಶಿಂದಳ ಮಾಕುಡಿ. ಶಾಸ್ತ್ರದಲ್ಲಿ ಫ್ರೇರಿಯಾ ಇಂಡಿಕ. 1865ರಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ವರ್ಣಿಸಿ, ಆಗಿನ ಮುಂಬಯಿ ಗವರ್ನರ್ ಬಾರ್ಟಲ್ ಫ್ರೇರನ ಹೆಸರಿಟ್ಟ. ಮಂಗನ ಕೋಡಿಗೆ ಎಲೆ ಇಲ್ಲ. ಇದಕ್ಕೆ ಮಳೆಗಾಲದಲ್ಲಿ ದಪ್ಪನೆಯ ಎಲೆ ಬಂದು ಬೇಸಿಗೆಗೆ ಉದುರುತ್ತದೆ. ನಕ್ಷತ್ರದಂಥ ಕಡುಗೆಂಪು ಹೂವಿನ ಮೇಲೆ ಹಳದಿ ಚುಕ್ಕೆ. ಇದು ಹುಟ್ಟುವುದು ಮಹಾರಾಷ್ಟ್ರದ ಸಹ್ಯಾದ್ರಿಯ ಕೆಲವೇ ಕಡಿದಾದ ಬಂಡೆಗಳಲ್ಲಿ. ಜುನ್ನರದ ಶಿವನೇರಿ ಕೋಟೆಯ ಗೋಡೆಬಂಡೆ ಅವುಗಳಲ್ಲೊಂದು. 1980ರ ದಶಕದಲ್ಲಿ ಲೋಕದಲ್ಲಿ ಅತ್ಯಂತ ಅಪಾಯಕ್ಕೆ ಸಿಕ್ಕ ಹನ್ನೆರಡು ಗಿಡಗಳ ಪಟ್ಟಿಯಲ್ಲಿ ಇದರ ಹೆಸರು ಬಂತು.

ವಿಚಿತ್ರವೆಂದರೆ ಇದನ್ನು ಕಡ್ಡಿ ನೆಟ್ಟು ಬೆಳೆಸುವುದು ಸುಲಭ. ವಿದೇಶಗಳ ಹವ್ಯಾಸಿಗಳ ಕುಂಡಗಳಲ್ಲಿ ಇದು ಸೊಂಪಾಗಿ ಬೆಳೆದಿದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಈ ಕುಲದ ಅಪರೂಪದ ಗಿಡಗಳನ್ನು ಸಾಕಿದ್ದಾರೆ. ಕುಂಡದಲ್ಲಿ ಉಳಿದ ಮಾತ್ರಕ್ಕೆ ಗಿಡ ಉಳಿಯಿತೇ? ಬಂಡೆ, ನೊಣ, ಮಳೆ, ಬಿಸಿಲು ಇವುಗಳ ನಡುವೆ ತಾನಾಗಿ ಬೀಜ ಬಿದ್ದು ಮೊಳೆತರೆ ಅದು ಉಳಿದಂತೆ. ಕುಂಡದ್ದು ವಿಮೆ ಇದ್ದ ಹಾಗೆ. ಮನೆ ಸುಟ್ಟ ಮೇಲೆ ವಿಮೆಯ ಹಣ ಬರಬಹುದು, ಹಳೆಯ ಮನೆ ಬರುವುದಿಲ್ಲ.

ನಮ್ಮವರೊಬ್ಬರು ಮಂಗನ ಕೋಡಿನ ಒಂದು ಬುಡವನ್ನು ಊರಿಗೆ ತರಬೇಕೆಂದು ಚಾಕು ತೆಗೆದಿದ್ದರು. ನಮ್ಮ ಮಳೆಗೆ ಅದು ಒಂದು ಆಷಾಢವನ್ನೂ ದಾಟದೆ ಕೊಳೆಯುತ್ತದೆ ಎಂದು ತಿಳಿಸಿದ ಮೇಲೆ ಚಾಕು ಮಡಚಿದರು.

ನಮ್ಮ ಪದವು, ನಮ್ಮ ಲೆಕ್ಕ

ಹಿಂದಿರುಗುವಾಗ ಬಸ್ಸಿನಲ್ಲಿ ಮಾತು ನಮ್ಮ ಊರಿನತ್ತ ತಿರುಗಿತು. ಅಲ್ಲಿಯ ದಿಬ್ಬಗಳಿಗೆ ಆದದ್ದನ್ನು ನೋಡಿ ಅಯ್ಯೋ ಎಂದವರು ನಾವು. ನಮ್ಮ ಮುರಕಲ್ಲಿನ ಪದವುಗಳಿಗೆ ನಾವು ಮಾಡುತ್ತಿರುವುದೇನು?

ನಮ್ಮ ಪದವಿನಲ್ಲಿ ಮಂಗನ ಕೋಡು ಇಲ್ಲದಿರಬಹುದು. ಆದರೆ ಶ್ರಾವಣ ಭಾದ್ರಪದದಲ್ಲಿ ಪಾದೆಯ ಮೇಲೆ ಒಂದಂಗುಲ ನೀರು ನಿಂತ ಕಡೆ ನೀಲಿ ಹೂಗಳ ಹಾಸು ಕಾಣುತ್ತದಲ್ಲ, ಅದರಲ್ಲಿ ಹುಳು ಹಿಡಿದು ತಿನ್ನುವ ಗಿಡಗಳಿವೆ. ಬಿಳಿ ಗುಂಡಿಯಂಥ ತಲೆ ಎತ್ತುವ ಹುಲ್ಲುಹೂಗಳಿವೆ. ಅವುಗಳಲ್ಲಿ ಕೆಲವು ಮುರಕಲ್ಲಿನ ಹಾಸು ಬಿಟ್ಟು ಬೇರೆಡೆ ಬದುಕುವುದಿಲ್ಲ. ಎರಡು ತಿಂಗಳು ಇದ್ದು ಮಾಯವಾಗುವ ಅವನ್ನು ನಾವು ಹುಲ್ಲು ಎಂದು ಕರೆದು ಮುಗಿಸಿದ್ದೇವೆ.

ಹೂವಿನ ಮಾತು ಬೇಡವೆಂದರೆ ನೀರಿನ ಮಾತಾಡೋಣ. ಮುರಕಲ್ಲು ತೂತಿನ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಪಳ್ಳಗಳಲ್ಲಿ ನಿಂತು, ಬಿರುಕುಗಳಲ್ಲಿ ಇಳಿದು, ಬೇಸಿಗೆಯಲ್ಲಿ ಕೆಳಗಿನ ಬಾವಿಯಲ್ಲೋ ಸುರಂಗದಲ್ಲೋ ಹೊರಡುತ್ತದೆ. ಬಂಟ್ವಾಳ ತಾಲೂಕಿನ ಮಾಣಿಲ, ಕಾಸರಗೋಡಿನ ಬಾಯಾರು, ಪಡ್ರೆಗಳ ಅಡಿಕೆ ತೋಟಗಳು ಸುರಂಗದ ನೀರಿನಲ್ಲಿ ಬೆಳೆದವು. ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ನಾಲೆ ಇಂದಿಗೂ ಇದೆ. ಅದನ್ನು ಕೊರೆದದ್ದೂ ಇದೇ ಮುರಕಲ್ಲಿನ ಅಡಿಯಲ್ಲಿ. ಕಲ್ಲು ಒಂದೇ, ಬುದ್ಧಿಯೂ ಒಂದೇ. ಮೇಲಿನ ದಿಬ್ಬ ಕುಡಿದ ನೀರನ್ನು ಕೆಳಗಿನ ಸುರಂಗ ಕೊಡುತ್ತದೆ. ದಿಬ್ಬವನ್ನು ಕಡಿದು ಮಾರಿದರೆ ಸುರಂಗ ಕೊಡುವುದೇನನ್ನು?

ಈ ಮಾತನ್ನು ನಾವು ಉಪದೇಶಕ್ಕಾಗಿ ಬರೆಯುತ್ತಿಲ್ಲ, ಸ್ವಂತ ಪೆಟ್ಟಿನಿಂದ ಬರೆಯುತ್ತಿದ್ದೇವೆ. ಅಡಿಕೆಗೆ ಒಳ್ಳೆಯ ಬೆಲೆ ಇದ್ದ ಒಂದು ವರ್ಷ ನಾವೂ ತೋಟದ ಮೇಲಿನ ಪಾದೆಯನ್ನು ಜೆಸಿಬಿಯಿಂದ ಒಡೆಸಿ, ತಟ್ಟು ಮಾಡಿ, ಹೊರಗಿನಿಂದ ಮಣ್ಣು ತರಿಸಿ ನಾನೂರು ಸಸಿ ಇಟ್ಟೆವು. ಮೊದಲ ಮಳೆಗೇ ಆ ಮಣ್ಣಿನಲ್ಲಿ ಅರ್ಧ ಇಳಿದು ಹಳೆಯ ತೋಟದ ಕಪ್ಪು ತುಂಬಿತು. ಏಪ್ರಿಲ್ ಕೊನೆಯವರೆಗೆ ನೀರಿರುತ್ತಿದ್ದ ಬಾವಿ ಎರಡನೆಯ ವರ್ಷ ಮಾರ್ಚಿನಲ್ಲೇ ತಳ ಕಂಡಿತು. ಮೇಲಿನ ಸಸಿಗಳಿಗೂ ಅದೇ ಬಾವಿಯ ನೀರು ಬೇಕು. ಹೊಸತಕ್ಕೆ ಎರೆದರೆ ಹಳತಕ್ಕಿಲ್ಲ, ಹಳತಕ್ಕೆ ಬಿಟ್ಟರೆ ಹೊಸತಕ್ಕಿಲ್ಲ. ಕೊನೆಗೆ ಕೊಳವೆಬಾವಿ ತೋಡಿಸಿದೆವು. ಆ ಸಾಲ ಇನ್ನೂ ತೀರಿಲ್ಲ. ಪ್ರತಿ ಮಳೆಗಾಲ ಮನೆಯ ಮಕ್ಕಳು ಆ ಪಾದೆಗೆ ಹೋಗಿ ನೀಲಿ ಹೂ ಕಿತ್ತು ತರುತ್ತಿದ್ದರು ಎಂಬುದು ನಮಗೆ ನೆನಪಾದದ್ದು ಕಲ್ಯಾಣದ ಆ ಪೊದೆಯ ಮುಂದೆ ಮಂಡಿಯೂರಿದಾಗ.

ನಮ್ಮ ಕೈಲಾದದ್ದು

ಹಾಗೆಂದು ಒಂದಡಿ ನೆಲವನ್ನೂ ಮುಟ್ಟಬಾರದು ಎಂದು ಸಣ್ಣ ಬೆಳೆಗಾರರಿಗೆ ಹೇಳುವುದು ನ್ಯಾಯವಲ್ಲ. ಕೆಳಗಿನ ಕೆಲವು ಅಂಶಗಳನ್ನು ಮಾತ್ರ ಸದಸ್ಯರು ಯೋಚಿಸಿ ನೋಡಬೇಕೆಂದು ಕೋರುತ್ತೇವೆ.

ಮೊದಲನೆಯದು, ತೋಟ ವಿಸ್ತರಿಸುವ ಮೊದಲು ಮೇಲಿನ ಪಾದೆಯ ನೀರು ಯಾವ ಬಾವಿಗೆ, ಯಾವ ಸುರಂಗಕ್ಕೆ ಇಳಿಯುತ್ತದೆಂದು ಒಂದು ಮಳೆಗಾಲ ನಿಂತು ನೋಡುವುದು. ಕುಮ್ಕಿ, ಬಾಣೆ, ಬ್ಯಾಣ, ಸೊಪ್ಪಿನ ಬೆಟ್ಟಗಳನ್ನು ಹಿರಿಯರು ತೋಟಕ್ಕೆ ಹೊಂದಿಸಿ ಉಳಿಸಿಕೊಂಡದ್ದು ಸೊಪ್ಪಿಗೆ ಮಾತ್ರವಲ್ಲ.

ಎರಡನೆಯದು, ಕಾಫಿ ತೋಟದ ನಡುವೆ ಇರುವ ಹಾಸುಬಂಡೆ, ಪಾದೆಯ ಅಂಚು, ನೀರು ನಿಲ್ಲುವ ಪಳ್ಳ, ಇವುಗಳಲ್ಲಿ ಹೇಗೂ ಬೆಳೆ ಬಾರದು. ಅಲ್ಲಿಗೆ ಕಳೆನಾಶಕ ಹೊಡೆಯುವುದನ್ನೂ ಬೇಸಿಗೆಯಲ್ಲಿ ಬೆಂಕಿ ಹಾಕುವುದನ್ನೂ ಬಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸವಾದಂತೆ.

ಮೂರನೆಯದು, 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಬರೆಯಬೇಕು. ಈ ದಾಖಲೆ ಕೇವಲ ಕಾಗದವಾಗುವುದೋ ಪ್ರಯೋಜನಕ್ಕೆ ಬರುವುದೋ ಎಂಬುದು ಊರಿನವರನ್ನು ಅವಲಂಬಿಸಿದೆ. ನಿಮ್ಮ ಪದವಿನ ಹೂ, ಪಳ್ಳ, ಸುರಂಗಗಳು ಅದರಲ್ಲಿ ಸೇರಿವೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ವಿಚಾರಿಸಿರಿ. ಕಲ್ಲಿನ ಗಣಿಗೆ ಪರವಾನಗಿ ಕೇಳಿ ಯಾರಾದರೂ ಬಂದಾಗ ತೋರಿಸಲು ಕೈಯಲ್ಲಿ ಒಂದು ಬರಹವಿರಬೇಕು.

ನಾಲ್ಕನೆಯದು, ಬಯಲುಸೀಮೆಗೆ ಹೋದಾಗ ಇಂಥ ಗಿಡ ಕಂಡರೆ ನೋಡಿ ಬರುವುದು, ಕಿತ್ತು ತರದಿರುವುದು. ಗುಳಿಗೆಗೋ ಮದ್ದಿಗೋ ಕೊಳ್ಳುತ್ತೇವೆಂದು ವರ್ತಕರು ಬಂದರೆ ಕಾಡಿನದಲ್ಲ, ಬೆಳೆಸಿದ್ದು ತೋರಿಸಿ ಎಂದು ಕೇಳುವುದು. ಮಂಗನ ಕೋಡಿನ ಕಡ್ಡಿಯನ್ನು ಕೆಲವು ದಿನ ನೆರಳಲ್ಲಿ ಒಣಗಿಸಿ, ಹರಳು ಬೆರೆತ ಮಣ್ಣಿನಲ್ಲಿ ನೆಟ್ಟು, ನೀರನ್ನು ಹಿಡಿದು ಹಾಕಿದರೆ ಬೇರು ಬಿಡುತ್ತದೆ. ಒಣನಾಡಿನ ರೈತರು ಅದನ್ನು ಹೊಲದ ಬದುವಿನಲ್ಲಿ ಬೆಳೆಸಿಕೊಳ್ಳಬಹುದು. ಕಾಡಿನ ಬುಡಕ್ಕೆ ಕೈ ಹಾಕಬೇಕಿಲ್ಲ.

ಬೀಳ್ಕೊಡುವಾಗ ಆ ಕುರಿಗಾಹಿ ಮುದುಕರನ್ನು ನಾವು ಒಂದು ಮಾತು ಕೇಳಿದೆವು. ಈ ದಿಬ್ಬವೂ ಹೋದರೆ ಏನು ಮಾಡುತ್ತೀರಿ, ಅಜ್ಜಾ? ಅವರು ಕೋಲನ್ನು ಹೆಗಲಿಗೇರಿಸಿಕೊಂಡು, "ಕುರಿ ಮಾರಿ ಮಗನ ಕಡಿ ಹೈದ್ರಾಬಾದಿಗೆ ಹೋಗ್ತೀನಿ. ಇದಕ್ಕ ಎಲ್ಲಿಗಿ ಹೋಗ್ಲಿಕ್ಕ ಬರ್ತದ?" ಎಂದು ಪೊದೆಯತ್ತ ತೋರಿಸಿದರು.

ನಾವು ಊರಿಗೆ ಬಂದ ಮೇಲೆ ಉಳಿದಿರುವ ಪಾದೆಯ ತುಂಡನ್ನು ಅಳೆದು ನೋಡಿದೆವು. ಮೂವತ್ತೆರಡು ಸೆಂಟ್ಸ್ ಇದೆ. ಅದನ್ನು ಹಾಗೆಯೇ ಬಿಡುವುದೆಂದು ಮನೆಯಲ್ಲಿ ಮಾತಾಗಿದೆ. ತಮ್ಮ ಜಾಗದ ಪಾದೆ, ಪಳ್ಳ, ಹಾಸುಬಂಡೆಗಳಲ್ಲಿ ಮಳೆಗಾಲದ ಹೂಗಳನ್ನು ಕಂಡಿರುವ ಸದಸ್ಯರು, ಅವುಗಳಿಗೆ ಮನೆಯ ಹಿರಿಯರು ಹೇಳುವ ಹೆಸರುಗಳೊಡನೆ, ಸಂಘದ ಕಚೇರಿಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಹೆಸರು ಬಲ್ಲ ಅಜ್ಜ ಅಜ್ಜಿಯಂದಿರು ಇರುವಾಗಲೇ ಕೇಳಿಕೊಳ್ಳಿ.